ಛೇದಚಿತ್ರದಲ್ಲಿ ಕುಳಿತವರು

ನೆಲದ ಮಟ್ಟವನ್ನು ಅಳೆಯುವ ಆ ಕಾಲದ ಲೆವೆಲ್ ಯಂತ್ರದಲ್ಲಿ ಲೋಕವು ತಲೆಕೆಳಗಾಗಿ ಕಾಣುತ್ತಿತ್ತು. ಇದು ಅಲಂಕಾರಕ್ಕಾಗಿ ಆಡಿದ ಮಾತಲ್ಲ. ಅದರ ಮಸೂರಗಳ ಜೋಡಣೆಯೇ ಹಾಗಿತ್ತು. ಎದುರಿಗೆ ಅಳತೆಗೋಲು ಹಿಡಿದು ನಿಂತವನು, ಪಾದಗಳನ್ನು ಮಣ್ಣಿಗೆ ಅಂಟಿಸಿಕೊಂಡು ಆಕಾಶದೊಳಕ್ಕೆ ಜೋತುಬಿದ್ದಂತೆ ತೋರುತ್ತಿದ್ದನು. ಗೋಲಿನ ಮೇಲಿನ ಅಂಕಿಗಳನ್ನು ಈ ಕಾರಣದಿಂದಲೇ ತಿರುವಿ ಬರೆದಿರುತ್ತಿದ್ದರು. ಹೀಗಾಗಿ ಯಂತ್ರದ ಆ ಪುಟ್ಟ ವೃತ್ತದಲ್ಲಿ ಅಂಕಿಗಳು ಮಾತ್ರ ನೆಟ್ಟಗಿರುತ್ತಿದ್ದವು. ಕೆಲವು ದಿನಗಳಲ್ಲಿ ಕಣ್ಣು ಇದಕ್ಕೆ ಒಗ್ಗುತ್ತದೆ. ನನ್ನ ಕಣ್ಣೂ ಒಗ್ಗಿತ್ತು. ನಾನು ಇಳಿದುಕೊಂಡಿದ್ದ ಮನೆಯ ಆಯಿ ಆ ವೃತ್ತದೊಳಕ್ಕೆ ಬರುವವರೆಗೆ.

ಅವರು ಇಳಿಜಾರಿನ ಹೊಲದಲ್ಲಿ ಒಂದು ಗದ್ದುಗೆಯ ಪಕ್ಕದಲ್ಲಿ ಕುಳಿತಿದ್ದರು. ಗದ್ದುಗೆಯೆಂದರೆ ಸಮಾಧಿಯ ಮೇಲೆ ಕಟ್ಟಿದ ಕಲ್ಲಿನ ಕಟ್ಟೆ. ಅದು ಅವರ ಪತಿಯದು. ಅದರ ಮಗ್ಗುಲಲ್ಲಿ ನೆಲದ ಮಟ್ಟಕ್ಕೆ ಹಾಸಿದ ಒಂದು ದೊಡ್ಡ ಚಪ್ಪಡಿ. ಆಯಿ ಕುಳಿತದ್ದು ಆ ಚಪ್ಪಡಿಯ ಅಂಚಿನ ಮೇಲೆ. ಯಂತ್ರದಲ್ಲಿ ನೆಲ ಮೇಲಿತ್ತು, ಆಯಿ ಅದರಿಂದ ಕೆಳಗೆ ಇಳಿಬಿದ್ದಿದ್ದರು, ಅವರ ಕೆಳಗೆ ಮೋಡವಿಲ್ಲದ ಬೇಸಗೆಯ ಬಾನು. ಗಾಳಿ ಬೀಸುತ್ತಿದ್ದರೂ ಸೀರೆಯ ಸೆರಗು ಅಲುಗಲಿಲ್ಲ. ಅಳತೆಯನ್ನು ಬರೆದುಕೊಳ್ಳದೆ ಯಂತ್ರದಿಂದ ಕಣ್ಣು ತೆಗೆದೆ. ನೇರವಾಗಿ ನೋಡಿದಾಗ ಮುದುಕಿಯೊಬ್ಬರು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನನ್ನನ್ನು ಗಮನಿಸುತ್ತಿದ್ದರು, ಅಷ್ಟೆ.

ನಾನು ಆ ಹೊಲಕ್ಕೆ ಹೋದ ಕಾರಣವನ್ನು ಮೊದಲು ಹೇಳಬೇಕು. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಕಟ್ಟಡಗಳ ವಾಸ್ತುಶಿಲ್ಪದಲ್ಲಿ ಪದವಿ ಪಡೆದ ಮೇಲೆ, ಭೂದೃಶ್ಯ ವಾಸ್ತುಶಿಲ್ಪವನ್ನು ಓದಲು ನಾನು ದಿಲ್ಲಿಯ ವಿಶ್ವವಿದ್ಯಾಲಯವೊಂದನ್ನು ಸೇರಿದೆ. ನೆಲದ ಏರಿಳಿತ, ನೀರಿನ ಹರಿವು, ಗಿಡಮರಗಳ ಸ್ವಭಾವ ಇವನ್ನು ಅರಿತು ಒಂದು ಬಯಲನ್ನು ಜನರ ಬಳಕೆಗೆ ಹದಗೊಳಿಸುವ ವಿದ್ಯೆ ಅದು. ನಮ್ಮ ಬೈಲಹೊಂಗಲದಲ್ಲಿ ಇದನ್ನು ವಿವರಿಸಿ ಗೆದ್ದವಳು ನಾನಲ್ಲ. ತಂದೆಯವರ ಸ್ನೇಹಿತರೊಬ್ಬರು ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತ, "ಹೂವಿನ ಗಿಡಕ್ಕ ನೀರು ಹಾಕೂದು ಕಲೀಲಿಕ್ಕೆ ದಿಲ್ಲಿತನಕಾ ಹೋಗಬೇಕೇನು ತಂಗಿ? ನಮ್ಮ ಹಿತ್ತಲ ಅದ ಅಲ್ಲ" ಎಂದಿದ್ದರು. ವೇದಾಧ್ಯಯನದ ಮನೆತನದ ಹುಡುಗಿ ಮಣ್ಣು ಅಳೆಯುವುದು ಅವರಿಗೆ ವಿನೋದವಾಗಿತ್ತು.

ಕೊನೆಯ ವರ್ಷದಲ್ಲಿ ನಮ್ಮ ಪ್ರಾಧ್ಯಾಪಕರು, ಪ್ರತಿಯೊಬ್ಬರೂ ತಮ್ಮ ಸೀಮೆಯ ಒಂದು ನೆಲವನ್ನು ಆರಿಸಿಕೊಂಡು ಅಳತೆ ಮಾಡಿ ಅದಕ್ಕೊಂದು ವಿನ್ಯಾಸ ರಚಿಸಬೇಕೆಂದು ವಿಧಿಸಿದರು. ಕಿತ್ತೂರಿನ ಕೋಟೆಯ ಒಳಬಯಲನ್ನು ಮೊದಲು ನೋಡಿಬಂದೆ. ಕುಸಿದ ಗೋಡೆಗಳ ನಡುವೆ ನನ್ನ ಕೈಗೆ ಕೆಲಸ ಉಳಿದಿಲ್ಲವೆನಿಸಿತು. ಆಗ ಸವದತ್ತಿಯ ಬಳಿ ಮಲಪ್ರಭೆಗೆ ಕಟ್ಟುತ್ತಿದ್ದ ಅಣೆಕಟ್ಟು ಮುಗಿಯುತ್ತ ಬಂದಿತ್ತು. ಹಿಂದಣ ಹಳ್ಳಿಗಳು ಮುಳುಗಡೆಯಾಗಲಿದ್ದವು. ಹಳ್ಳಿ ಹೋದ ಮೇಲೆ ಅಲ್ಲೊಂದು ದಡ ಹುಟ್ಟುತ್ತದೆ. ಇನ್ನೂ ಇಲ್ಲದ ಆ ದಡಕ್ಕೆ ಮೆಟ್ಟಿಲು, ನೆರಳು, ದನಗಳು ನೀರಿಗಿಳಿಯುವ ದಾರಿ ಇವನ್ನು ರೂಪಿಸುವುದೇ ನನ್ನ ವಿಷಯವಾಯಿತು. ರಾಮದುರ್ಗದಲ್ಲಿ ಕಾಲುವೆಯ ಕೆಲಸದಲ್ಲಿದ್ದ ನನ್ನ ಸೋದರಮಾವ ಹಳೆಯ ಲೆವೆಲ್ ಯಂತ್ರವನ್ನು ಕೊಡಿಸಿದರು. ತಂದೆಯವರಿಗೆ ಪರಿಚಯವಿದ್ದ ಒಂದು ಶೈವ ಒಕ್ಕಲು ಮನೆತನದಲ್ಲಿ ನನ್ನ ವಸತಿ ಗೊತ್ತಾಯಿತು. ಆಯಿ ಆ ಮನೆಯ ಹಿರಿಯರು.

ಅಳತೆಗೋಲು ಹಿಡಿಯಲು ಬಂದವರು ಅವರ ಹಿರಿಯ ಮಗ. ನಲವತ್ತರ ಆಸುಪಾಸಿನ, ಎಲೆಅಡಿಕೆಯ ಬಾಯಿಯ ಮಾತುಗಾರ. ತಾವು ಯಂತ್ರದಲ್ಲಿ ತಲೆಕೆಳಗಾಗಿ ಕಾಣುವ ಸಂಗತಿ ತಿಳಿದ ದಿನ, "ಬಾಯಾರ, ನಮ್ಮ ಮನ್ಯಾಗಿನಾಕಿಗೆ ಈ ದುರ್ಬೀನು ತೋರಸಬ್ಯಾಡ್ರಿ. ಆಕಿ ಮೊದಲ ನನ್ನ ಉಲ್ಟಾ ಮನಷ್ಯಾ ಅಂತಾಳು, ಸಾಕ್ಷಿ ಸಿಕ್ಕಂಗಾಗತೈತಿ" ಎಂದು ನಕ್ಕರು. ಆದರೆ ಗದ್ದುಗೆಯ ಹತ್ತಿರ ಹೋದಾಗ ಅವರ ಮಾತು ತಾನಾಗಿ ತಗ್ಗುತ್ತಿತ್ತು.

ಆ ಮನೆತನದವರು ಸತ್ತವರನ್ನು ಸುಡುವುದಿಲ್ಲ. ಮಲಗಿಸಿ ಹೂಳುವುದೂ ಇಲ್ಲ. ಆಳುದ್ದದ ಕುಣಿ ತೋಡಿ, ಅದರ ಒಂದು ಗೋಡೆಯಲ್ಲಿ ಗೂಡು ಕೊರೆದು, ಅದರೊಳಗೆ ದೇಹವನ್ನು ಪದ್ಮಾಸನದಲ್ಲಿ ಕುಳ್ಳಿರಿಸಿ, ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ವಿಭೂತಿ ಉಪ್ಪು ತುಂಬಿ ಮುಚ್ಚುತ್ತಾರೆ. ಆದ್ದರಿಂದ ಅವರು ಮಲಗಿದ್ದಾರೆ ಎಂದು ಆ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಕುಳಿತಿದ್ದಾರೆ ಎಂದೇ ಹೇಳುತ್ತಿದ್ದರು. ಬದುಕಿರುವಾಗಲೇ ತಮ್ಮ ಕುಣಿಯನ್ನು ಕಟ್ಟಿಸಿಟ್ಟುಕೊಳ್ಳುವ ರೂಢಿಯೂ ಅಲ್ಲಿತ್ತು. ಆಯಿ ಕುಳಿತುಕೊಳ್ಳುತ್ತಿದ್ದ ಚಪ್ಪಡಿಯ ಕೆಳಗೆ ಅವರದೇ ಕುಣಿಯಿತ್ತು. ಪತಿ ತೀರಿಕೊಂಡ ವರ್ಷವೇ ಅದನ್ನು ಕಲ್ಲಿನಿಂದ ಕಟ್ಟಿಸಿದ್ದರು. ಎರಡು ಗೂಡುಗಳ ನಡುವೆ ಒಂದು ತೆಳುವಾದ ಮಣ್ಣಿನ ಗೋಡೆ.

ಮುಳುಗಡೆಯ ಎಲ್ಲೆಗೆ ಎಂಜಿನಿಯರರು ಸುಣ್ಣ ಬಳಿದ ಕಲ್ಲುಗಳನ್ನು ನೆಟ್ಟಿದ್ದರು. ಆ ಸಾಲು ಗದ್ದುಗೆಯಿಂದ ಸ್ವಲ್ಪ ಕೆಳಗೆ ಹಾದುಹೋಗಿತ್ತು. ಊರು ಮುಳುಗಿದರೂ ಹೊಲದ ಆ ಭಾಗ ಉಳಿಯುವುದೆಂದು ಅವರು ಹೇಳಿಹೋಗಿದ್ದರು. ಮಕ್ಕಳಿಗೆ ನಂಬಿಕೆಯಿರಲಿಲ್ಲ. ಗದ್ದುಗೆಯ ಮಣ್ಣನ್ನು ಮೇಲಿನ ಹೊಸ ಊರಿಗೆ ಒಯ್ದು, ಅಲ್ಲಿ ತಂದೆಗೆ ಹೊಸ ಗದ್ದುಗೆ ಮಾಡಿ, ಕಾಲ ಬಂದಾಗ ತಾಯಿಯನ್ನು ಅದರ ಪಕ್ಕದಲ್ಲಿ ಇಡುವುದು ಅವರ ಯೋಚನೆ. ಆಯಿ ಒಪ್ಪಿರಲಿಲ್ಲ. ತಾವು ಕುಳಿತರೆ ಅಲ್ಲಿಯೇ, ಆ ಗೋಡೆಯ ಮಗ್ಗುಲಲ್ಲಿಯೇ ಎಂಬುದು ಅವರ ಹಟ. ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದ ಕೈಯನ್ನು ನಿಲ್ಲಿಸಿ ಅವರು ನನ್ನನ್ನು ನೇರವಾಗಿ ಕೇಳಿದರು.

"ಹೊಲ ಮುಳಗೂದಿಲ್ಲ ಅಂತ ಎಂಜಿನೇರ್ರು ಹೇಳ್ಯಾರ. ಹೊಲದ ಮಾತ ನಾ ಕೇಳಾಕತ್ತಿಲ್ಲ. ಅವರು ಮುಳಗತಾರೋ ಇಲ್ಲೋ, ಅದನ್ನ ಹೇಳು ತಂಗಿ."

ಆ ಪ್ರಶ್ನೆಯನ್ನು ಆ ರೀತಿಯಲ್ಲಿ ಯಾರೂ ಕೇಳಿರಲಿಲ್ಲ. ನೆಲದ ಮೇಲ್ಮೈಯನ್ನು ಅಳೆಯುವುದೇ ನಮ್ಮ ವಿದ್ಯೆ. ಒಳಗೆ ಕುಳಿತವರ ಮಟ್ಟ ಅದರಲ್ಲಿ ಬರುವುದಿಲ್ಲ. ಅಳೆಯದೆ ಹೇಳಲಾಗದು, ಅಳೆಯಲು ಆಯಿಯ ಕುಣಿಯ ಚಪ್ಪಡಿಯನ್ನು ಸರಿಸಬೇಕಾಗುತ್ತದೆ ಎಂದೆ. ಪತಿಯ ಕುಣಿಯೂ ಅಷ್ಟೇ ಆಳವೆಂದು ಎಲ್ಲರಿಗೂ ತಿಳಿದಿತ್ತು. ಮಗ ಏನೋ ಹೇಳಲು ಬಾಯಿ ತೆರೆದರು. "ಸರಸೋ," ಎಂದರು ಆಯಿ, "ಅದು ನನ್ನ ಮನಿ."

ಆದರೆ ಚಪ್ಪಡಿ ಸರಿಸುವ ಮುನ್ನವೇ ಬೇರೊಂದು ಸಂಗತಿ ನಡೆಯಿತು. ಎರಡು ದಿನ ಗುಡುಗು ಸಹಿತ, ಮುಂಗಾರಿಗೆ ಮುಂಚಿನ ಅಡ್ಡಮಳೆ ಸುರಿಯಿತು. ಮಳೆ ನಿಂತ ಬೆಳಗ್ಗೆ, ಸುಣ್ಣದ ಕಲ್ಲುಗಳಿಂದ ಬಹಳ ಕೆಳಗೆ, ನದಿಯ ಕಡೆಗಿದ್ದ ಬಯಲಿನಲ್ಲಿ ಹಿಂದಿನ ಅಳತೆಗಳನ್ನು ಸರಿನೋಡಲು ಯಂತ್ರ ಹೂಡಿದೆ. ಅಳತೆಗಳು ಕೂಡಿಬರಲಿಲ್ಲ. ಮೊದಲು ಯಂತ್ರವನ್ನು ಶಂಕಿಸಿದೆ, ಆಮೇಲೆ ನನ್ನ ಲೆಕ್ಕವನ್ನು. ಎರಡೂ ಸರಿಯಾಗಿದ್ದವು. ತಪ್ಪಿದ್ದು ನೆಲ. ವಾರದ ಹಿಂದೆ ಸಮವಾಗಿದ್ದ ಜಾಗದಲ್ಲಿ ಅಳತೆಗೋಲು ಒಂದು ಗೇಣು ಕೆಳಗಿಳಿಯುತ್ತಿತ್ತು. ನಾಲ್ಕು ಹೆಜ್ಜೆ ಸರಿದರೆ ಮತ್ತೆ ಮೊದಲಿನ ಮಟ್ಟ. ಇನ್ನೂ ನಾಲ್ಕು ಹೆಜ್ಜೆಗೆ ಮತ್ತೆ ಇಳಿತ.

ಯಂತ್ರದಿಂದ ತಲೆಯೆತ್ತಿ ನೋಡಿದೆ. ಬಯಲಿನ ತುಂಬ, ಸಾಲಾಗಿ, ದುಂಡನೆಯ ತಗ್ಗುಗಳು ಮೂಡಿದ್ದವು. ಪ್ರತಿಯೊಂದರಲ್ಲೂ ಒಂದಿಷ್ಟು ಮಳೆನೀರು ನಿಂತಿತ್ತು. ಪ್ರತಿಯೊಂದು ನೀರಿನಲ್ಲೂ ಒಂದು ತುಣುಕು ಬಾನು. ಅವುಗಳ ಮೇಲೆ ಕಲ್ಲಿರಲಿಲ್ಲ, ಗುರುತಿರಲಿಲ್ಲ; ಊರಿನ ನೆನಪಿನಿಂದಲೂ ಅಳಿದ ಹಳೆಯ ರುದ್ರಭೂಮಿ ಅದು. ಒಳಗಿನ ಗೂಡುಗಳು ಮಳೆಗೆ ಕುಸಿದು ಮೇಲಿನ ಮಣ್ಣು ಕೆಳಗಿಳಿದಿತ್ತು. ಕಾರಣ ಇಷ್ಟು ಸರಳ. ಕಾರಣ ತಿಳಿದ ಮೇಲೂ ಆ ನೀರುಗಳ ನಡುವೆ ನಡೆಯಲು ನನಗೆ ಹಿಂಜರಿಕೆಯಾಯಿತು. ಅವೆಲ್ಲ ಒಟ್ಟಿಗೆ ಕಣ್ಣು ತೆರೆದಿದ್ದವು. ಮಗ ಗೋಲನ್ನು ಹಿಡಿದುಕೊಂಡು ನಿಂತಲ್ಲಿಯೇ ನಿಂತಿದ್ದರು. "ಎದ್ದಾರ್ರಿ," ಎಂದರು. ಅವರು ನಗುತ್ತಿರಲಿಲ್ಲ.

ನಾನು ನನ್ನ ಕೆಲಸ ಮಾಡಿದೆ. ಪ್ರತಿಯೊಂದು ತಗ್ಗನ್ನೂ ಅಳೆದು ನಕ್ಷೆಯಲ್ಲಿ ಸಣ್ಣದೊಂದು ವೃತ್ತವಾಗಿ ಬರೆದೆ.

ಚಪ್ಪಡಿಯನ್ನು ಮರುದಿನ ಹಗಲಲ್ಲಿಯೇ ಸರಿಸಿದರು. ಒಳಗಿನಿಂದ ತಣ್ಣನೆಯ, ಹಳೆಯ ಗಾಳಿ ಬಂತು. ಕಣ್ಣು ಕತ್ತಲೆಗೆ ಹೊಂದಿಕೊಂಡಾಗ ಗೂಡಿನಲ್ಲಿ ಯಾರೋ ಕುಳಿತಂತೆ ಕಂಡು ನಾನು ಹಿಂದೆ ಸರಿದೆ. ಅದೊಂದು ಒರಳಿನ ಗುಂಡುಕಲ್ಲು. ಅದರ ನೆತ್ತಿಗೆ ಆಯಿಯ ಹಳೆಯ ಸೀರೆಯ ತುಂಡು ಹೊದಿಸಿ, ಹಣೆಯಿರಬೇಕಾದ ಜಾಗದಲ್ಲಿ ವಿಭೂತಿ ಎಳೆದಿದ್ದರು. ಕುಣಿಯನ್ನು ಬರಿದಾಗಿ ಇಡಬಾರದು, ಬರಿದಾದ ಕುಣಿ ಕರೆಯುತ್ತದೆ ಎಂಬುದು ಆ ಮನೆತನದ ನಂಬಿಕೆ. ಆದ್ದರಿಂದ ಒಡತಿ ಬರುವವರೆಗೆ ಅವರ ಬದಲಿಗೆ ಕಲ್ಲನ್ನು ಕೂರಿಸಿದ್ದರು. ಮಗ ಗೋಲನ್ನು ಒಳಗಿಳಿಸಿದರು. ಯಂತ್ರದಲ್ಲಿ ನೋಡಿದಾಗ ಗೋಲಿನ ಬುಡ ಮೇಲಿನ ಕತ್ತಲೆಯೊಳಗೆ ಮಾಯವಾಗಿತ್ತು. ಅಂಕಿ ಮಾತ್ರ ನೆಟ್ಟಗೆ, ಸ್ಪಷ್ಟವಾಗಿತ್ತು.

ಲೆಕ್ಕ ಮಾಡುವುದು ಕಷ್ಟವಿರಲಿಲ್ಲ, ಹೇಳುವುದು ಕಷ್ಟವಾಗಿತ್ತು. ನಕ್ಷೆ ಮುಗಿಸಿದ ಮೇಲೆ ನಿಖರವಾಗಿ ಹೇಳುತ್ತೇನೆ, ದಸರೆಯ ರಜೆಯಲ್ಲಿ ಬರುತ್ತೇನೆ ಎಂದೆ. ಆಯಿ ನನ್ನ ಮುಖವನ್ನು ನೋಡಿ, ಆಗಲಿ ಎಂದರು. ಅಲ್ಲಿಯವರೆಗೆ ಗದ್ದುಗೆಯ ಮಣ್ಣನ್ನು ಮುಟ್ಟುವುದಿಲ್ಲವೆಂದು ಮಕ್ಕಳಿಂದ ನನ್ನೆದುರಿನಲ್ಲಿಯೇ ಮಾತು ತೆಗೆದುಕೊಂಡರು.

ದಿಲ್ಲಿಯಲ್ಲಿ ನಕ್ಷೆಗಳ ಪರಾಮರ್ಶೆ ನಡೆಯಿತು. ಗೋಡೆಗೆ ಚುಚ್ಚಿದ ನನ್ನ ಹಾಳೆಯ ಮುಂದೆ ಪ್ರಾಧ್ಯಾಪಕರು ನಿಂತು, ಕೆಳಬಯಲಿನ ವೃತ್ತಗಳ ಸಾಲುಗಳ ಮೇಲೆ ಬೆರಳಾಡಿಸಿ ಸಂತೋಷಪಟ್ಟರು. ಅಳತೆಗೆಂದು ಹೋದವಳು ಸಸಿಗಳಿಗೆ ಗುಂಡಿಗಳನ್ನೂ ತೋಡಿಸಿ ಬಂದಿದ್ದಾಳೆ, ಅಂತರ ಬಹಳ ಹದವಾಗಿದೆ, ಯಾವ ಮರ ನೆಡುತ್ತೀ ಎಂದು ಕೇಳಿದರು. ನಮ್ಮ ವಿದ್ಯೆಯಲ್ಲಿ ಪಳಗಿದ ಕಣ್ಣಿಗೆ ಸಾಲಾಗಿರುವ ದುಂಡನೆಯ ತಗ್ಗುಗಳು ಬೇರೇನಾಗಿಯೂ ಕಾಣಲಾರವು. ಅವು ಏನೆಂದು ನಾನು ಹೇಳಿದೆ. ಅವರು ಬೆರಳನ್ನು ಹಾಳೆಯಿಂದ ತೆಗೆದರು.

ಆಮೇಲೆ ಅವರು ನನ್ನ ಛೇದಚಿತ್ರವನ್ನು ಕೇಳಿದರು. ನೆಲವನ್ನು ಚೂರಿಯಿಂದ ಕೊಯ್ದು ಪಕ್ಕದಿಂದ ನೋಡಿದಂತೆ ಬರೆಯುವ ಚಿತ್ರವದು. ಗಾತ್ರ ತಿಳಿಯಲೆಂದು ಅಂಥ ಪ್ರತಿಯೊಂದು ಚಿತ್ರದಲ್ಲೂ ಒಂದು ಮನುಷ್ಯಾಕೃತಿಯನ್ನು ಬರೆಯುವುದು ನಮ್ಮಲ್ಲಿ ಕಡ್ಡಾಯ; ಸಾಮಾನ್ಯವಾಗಿ ಅವನು ನೆಲದ ಮೇಲೆ ಕೈ ಇಳಿಬಿಟ್ಟು ನಿಂತಿರುತ್ತಾನೆ. ಪ್ರಾಧ್ಯಾಪಕರು ನೆಲದ ಗೆರೆಯ ಉದ್ದಕ್ಕೂ ಹುಡುಕಿ, ಮನುಷ್ಯನೆಲ್ಲಿ ಎಂದರು. ನಾನು ತೋರಿಸಿದೆ. ಅವನು ಗೆರೆಯ ಕೆಳಗೆ ಗೂಡಿನಲ್ಲಿ ಕಾಲು ಮಡಚಿ ಕುಳಿತಿದ್ದನು. ತುಂಬಿದ ಜಲಾಶಯದ ಮಟ್ಟವನ್ನು ತೋರಿಸುವ ನೀಲಿಗೆರೆ ಮಣ್ಣಿನೊಳಗಿಂದ ನೇರವಾಗಿ ಬಂದು ಅವನ ಕುತ್ತಿಗೆಯನ್ನು ಹಾದುಹೋಗಿತ್ತು. ಸಹಪಾಠಿಗಳಲ್ಲಿ ಒಬ್ಬನು ನಗಲು ಹೊರಟು ನಿಲ್ಲಿಸಿದನು.

ದಸರೆಗೆ ನಾನು ಮರಳುವ ಹೊತ್ತಿಗೆ ನೀರು ಬಂದಿತ್ತು. ಬಸ್ಸು ಎಂದಿನ ದಾರಿಯನ್ನು ಬಿಟ್ಟು ಸುತ್ತುಬಳಸಿ ಹೊಸ ಊರಿಗೆ ಹೋಯಿತು. ಕೆಳಬಯಲು ಇರಲಿಲ್ಲ, ಅದರ ಮೇಲೆ ಸುಕ್ಕಿಲ್ಲದ ನೀರು. ಆ ನೀರಿನ ಅಡಿಯಲ್ಲಿ ಒಂದು ಊರಿನ ಎಷ್ಟೋ ತಲೆಮಾರುಗಳು ಸಾಲುಸಾಲಾಗಿ, ನೆಟ್ಟಗೆ ಕುಳಿತಿರುವುದು ನನಗೆ ಅಳತೆ ಸಹಿತ ತಿಳಿದಿತ್ತು. ಅದು ತಿಳಿಯದವರಿಗೆ ಅದೊಂದು ಚೆಲುವಾದ ಕೆರೆ.

ನೀರು ಸುಣ್ಣದ ಕಲ್ಲುಗಳನ್ನು ಇನ್ನೂ ಮುಟ್ಟಿರಲಿಲ್ಲ. ಆದರೂ ಆಯಿ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋಗಿ, ಚಪ್ಪಡಿಯನ್ನು ಸರಿಸಲು ಮಗನಿಗೆ ಹೇಳಿದರು. ಕುಣಿಯಲ್ಲಿ ನೀರಿತ್ತು. ಕೆರೆ ದೂರದಲ್ಲಿದ್ದರೂ ನೀರು ಮಣ್ಣಿನೊಳಗಿನಿಂದ ನಡೆದು ಬಂದಿತ್ತು. ಗುಂಡುಕಲ್ಲಿನ ಬುಡ ಮುಳುಗಿತ್ತು. ಸೀರೆಯ ತುಂಡು ನೀರನ್ನು ಹೀರಿಕೊಂಡು ಅರ್ಧದವರೆಗೆ ಕಪ್ಪಾಗಿತ್ತು. ಮಗ ಬಕೆಟ್ಟಿನಿಂದ ಮೊಗೆದು ಹೊರಹಾಕಿದರೂ ಬೆಳಗಾಗುವಷ್ಟರಲ್ಲಿ ಮತ್ತೆ ಅಷ್ಟೇ ನೀರು ನಿಂತಿರುತ್ತಿತ್ತಂತೆ.

ಆಯಿ ಗದ್ದುಗೆಗೆ ಬೆನ್ನು ಕೊಟ್ಟು ಕುಳಿತು, "ತಂದೀಯೇನು?" ಎಂದರು. ನಾನು ಸುರುಳಿಯನ್ನು ಬಿಚ್ಚಿ ಛೇದಚಿತ್ರವನ್ನು ಅವರ ತೊಡೆಯ ಮೇಲೆ ಹಾಸಿದೆ. ಅಕ್ಷರ ಬಾರದಿದ್ದರೂ ಅವರಿಗೆ ಯಾವುದನ್ನೂ ವಿವರಿಸಬೇಕಾಗಲಿಲ್ಲ. ಬೆರಳು ನೆಲದ ಗೆರೆಯ ಮೇಲೆ ನಡೆದು, ಗದ್ದುಗೆಯ ಬಳಿ ಇಳಿದು, ಕುಳಿತವನ ಮೇಲೆ ನಿಂತಿತು.

"ಇವರು?"

"ಹೂಂ, ಆಯಿ."

"ಇದು ನೀರು." ಬೆರಳು ನೀಲಿಗೆರೆಯ ಗುಂಟ ಹೋಗಿ ಬಂತು. "ಕುತಗೀತನಾ ಬರತೈತಿ."

"ಕೆರಿ ಪೂರ್ತಿ ತುಂಬಿದಾಗ ಅಷ್ಟು ಬರತದ."

ಅವರ ಬೆರಳು ಗೆರೆಯಿಂದ ಮೇಲಕ್ಕೆ ಸರಿದು ಕುಳಿತವನ ತಲೆಯನ್ನು ಮುಟ್ಟಿತು. ಆಮೇಲೆ, "ತಲಿ ಮ್ಯಾಲ ಐತಲ್ಲ," ಎಂದರು. "ಅವರಿಗೆ ಈಸ ಬರತಿತ್ತು. ನನಗ ಬರೂದಿಲ್ಲ."

ಮಗ ಮುಖ ತಿರುಗಿಸಿಕೊಂಡರು. ಆಯಿ ಹಾಳೆಯನ್ನು ಸುತ್ತಿ ನನಗೆ ಕೊಟ್ಟು, ತಮ್ಮ ತೀರ್ಮಾನವನ್ನು ಒಂದೊಂದಾಗಿ ಹೇಳಿದರು. ಪತಿಯನ್ನು ಯಾರೂ ಎಬ್ಬಿಸಬಾರದು. ಅವರ ಮಣ್ಣನ್ನು ಮುಟ್ಟಬಾರದು. ಹೊಸ ಊರಿಗೆ ಒಯ್ಯುವುದಿದ್ದರೆ ತಮ್ಮ ಕುಣಿಯ ಮಣ್ಣನ್ನು ಒಯ್ಯಬೇಕು. ತಾವು ಅಲ್ಲಿ, ಒಣನೆಲದಲ್ಲಿ, ಒಬ್ಬರೇ ಕುಳಿತುಕೊಳ್ಳುತ್ತಾರೆ. ಗುಂಡುಕಲ್ಲನ್ನು ಮೇಲೆತ್ತಿ ಮನೆಗೆ ತರಬೇಕು. "ಇಷ್ಟು ವರ್ಷ ಸುಮ್ನ ಕುಂತು ಅದಕ್ಕೂ ಬ್ಯಾಸರಾಗೇತಿ. ಇನ್ನ ಚಟ್ನಿ ಅರೀಲಿ."

"ಹಂಗಾದ್ರ ಕುಣಿ ಬರೇದ ಆಗತೈತಲ್ಲ ಯವ್ವಾ," ಎಂದರು ಮಗ.

ಆಯಿ ನನ್ನ ಕಡೆಗೆ ತಿರುಗಿದರು. "ಈಕಿ ಗಿಡದ ಸಾಲಿ ಕಲತಾಕಿ. ನೀರಾಗ ಕಾಲಿಟ್ಟು ನಿಂದ್ರೂ ಗಿಡ ಯಾವದೈತಿ, ಕೇಳು ಆಕೀನ್ನ."

ಎರಡು ವರ್ಷಗಳ ವ್ಯಾಸಂಗದಲ್ಲಿ ಯಾವ ಪರೀಕ್ಷೆಯಲ್ಲೂ ನನಗೆ ಇಷ್ಟು ನೇರವಾದ ಪ್ರಶ್ನೆ ಬಂದಿರಲಿಲ್ಲ. ಹೊಳೆಮತ್ತಿ ಎಂದೆ. ಮಲಪ್ರಭೆಯ ಮೇಲುಭಾಗದ ದಂಡೆಗಳಲ್ಲಿ ಬಿಳಿಯ ತೊಗಟೆಯ ಆ ಮರಗಳು ಬೇರನ್ನು ನೀರಿನಲ್ಲಿಟ್ಟುಕೊಂಡೇ ಮುದಿಯಾಗುತ್ತವೆ. ಎಂ.ಕೆ. ಹುಬ್ಬಳ್ಳಿಯ ಕಡೆಯ ಹೊಳೆದಂಡೆಯಿಂದ ಒಂದು ಸಸಿಯನ್ನು ಬೇರಿನ ಮಣ್ಣು ಉದುರದಂತೆ ಗೋಣಿಯಲ್ಲಿ ಸುತ್ತಿ ತಂದೆ. ಮಗ ಕಲ್ಲನ್ನು ಮೇಲೆತ್ತಿ, ಕುಣಿಯ ಮಣ್ಣನ್ನು ಬುಟ್ಟಿಗೆ ತೆಗೆದು, ಹೊಲದ ಸಡಿಲ ಮಣ್ಣನ್ನು ತುಂಬಿದರು. ಸಸಿಯನ್ನು ಇಳಿಸಿದ್ದು ಆಯಿ. ಬುಡಕ್ಕೆ ವಿಭೂತಿಯನ್ನು ಹಚ್ಚಿ, ಗದ್ದುಗೆಯ ಕಡೆಗೆ ನೋಡಿ ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಅದು ನನಗೆ ಕೇಳಿಸಲಿಲ್ಲ.

ನನ್ನ ವಿನ್ಯಾಸದಲ್ಲಿ ಮೆಟ್ಟಿಲುಗಳನ್ನೂ ದನಗಳ ದಾರಿಯನ್ನೂ ಆ ಹೊಲದಿಂದ ಬಹುದೂರಕ್ಕೆ ಸರಿಸಿದೆ. ಪದವಿ ಬಂತು. ಮುಂದೆ ನಾನು ನೆಲ ಅಳೆಯುವುದಕ್ಕಿಂತ ಹೆಚ್ಚಾಗಿ ಪಾಠ ಹೇಳಿಯೇ ಬದುಕಿದೆ. ಕೆಲವು ವರ್ಷಗಳ ಮೇಲೆ ಆಯಿ ತೀರಿಕೊಂಡ ಸುದ್ದಿ ಬೈಲಹೊಂಗಲಕ್ಕೆ ಬಂತು. ಹೊಸ ಊರಿನ ಮೇಲುಗಡೆಯಲ್ಲಿ, ತಮ್ಮ ಕುಣಿಯ ಮಣ್ಣಿನ ನಡುವೆಯೇ ಕುಳಿತರಂತೆ.

ಆ ದಶಕ ಮುಗಿಯುವ ಮುನ್ನ, ಜಲಾಶಯ ಬಹಳ ಇಳಿದಿದ್ದ ಒಂದು ಬೇಸಗೆಯಲ್ಲಿ, ಹೊಲಕ್ಕೊಮ್ಮೆ ಬಂದುಹೋಗಬೇಕೆಂದು ಮಗ ಹೇಳಿಕಳುಹಿಸಿದರು. ಅವರ ಕೂದಲು ನೆರೆತಿತ್ತು. ದಾರಿಯಲ್ಲಿ ಒಂದೂ ಹಾಸ್ಯದ ಮಾತಾಡಲಿಲ್ಲ.

ಹೊಳೆಮತ್ತಿ ಎತ್ತರವಾಗಿ ಬೆಳೆದಿತ್ತು. ತುಂಬಿದ ವರ್ಷಗಳಲ್ಲಿ ತೆರೆಗಳು ದಡವನ್ನು ಕೊರೆಯುತ್ತ ಬಂದು ಮರದ ಬುಡದವರೆಗೆ ಬಂದಿದ್ದವು. ಮಣ್ಣು ಕುಸಿದು ಅಲ್ಲಿ ಆಳುದ್ದದ ನೆಟ್ಟಗಿನ ಗೋಡೆಯಾಗಿತ್ತು. ನಾವು ಒಣಗಿದ ಕೆಸರಿನ ಮೇಲೆ ಕೆಳಗೆ ನಿಂತು ಮೇಲೆ ನೋಡಿದೆವು. ದಿಲ್ಲಿಯಲ್ಲಿ ನಾನು ಬರೆದಿದ್ದ ಛೇದಚಿತ್ರವನ್ನು ಕೆರೆಯು ನಿಜವಾದ ಗಾತ್ರದಲ್ಲಿ ಬರೆದಿತ್ತು. ಮೇಲೆ ನೆಲದ ಗೆರೆ. ಅದರ ಕೆಳಗೆ ಕೊಯ್ದಂತೆ ತೆರೆದುಕೊಂಡ ಕುಣಿ. ಕುಣಿಯ ಒಳಗೆ ಗೂಡು. ತುಂಬಿದ ಮಣ್ಣೆಲ್ಲ ತೊಳೆದುಹೋಗಿತ್ತು. ಗೂಡಿನಲ್ಲಿ ಉಳಿದದ್ದು ಬೇರು.

ಮಡಕೆಯಲ್ಲಿ ಬೆಳೆದ ಗಿಡದ ಬೇರು ಮಡಕೆಯ ಆಕಾರವನ್ನೇ ಪಡೆಯುತ್ತದೆ. ಇದನ್ನು ನಾನು ತರಗತಿಯಲ್ಲಿ ಕಲಿತಿದ್ದೆ, ಮುಂದೆ ಕಲಿಸಿಯೂ ಇದ್ದೆ. ಕಲ್ಲಿನ ಗೂಡನ್ನು ಒಬ್ಬ ಮನುಷ್ಯ ಕುಳಿತುಕೊಳ್ಳುವಷ್ಟಕ್ಕೆ, ಆ ಆಕಾರಕ್ಕೆ ಕಟ್ಟಿದ್ದರು. ಬೇರು ಅದನ್ನು ತುಂಬಿತ್ತು. ಎರಡು ದಪ್ಪ ಬೇರುಗಳು ಮುಂದಕ್ಕೆ ಚಾಚಿ, ಕಲ್ಲಿಗೆ ತಾಗಿ, ಒಂದರ ಮೇಲೊಂದು ಮಡಚಿದ್ದವು. ಮೇಲೆ ಬೇರುಗಳು ಒತ್ತಿಕೊಂಡು ಬೆನ್ನಿನಂತೆ, ಭುಜದಂತೆ ಉಬ್ಬಿದ್ದವು. ಬಿಳಿಯ ತೊಗಟೆ ವಿಭೂತಿ ಬಳಿದಂತಿತ್ತು. ಹಳೆಯ ನೀರಿನ ಕಲೆ ಎಲ್ಲಿಯವರೆಗೆ ಬಂದಿದೆಯೆಂದು ನೋಡಿದೆ. ಅದು ಎಲ್ಲಿರಬೇಕೋ ಅಲ್ಲಿಯೇ, ಕುತ್ತಿಗೆಯ ಮಟ್ಟದಲ್ಲಿಯೇ ಇತ್ತು. ಒಂದು ಸಣ್ಣ ಬೇರು ಮಗ್ಗುಲಿನ ತೆಳುಗೋಡೆಯನ್ನು ಹೊಕ್ಕು ಆಚೆಗೆ ಹೋಗಿತ್ತು. ಆಚೆಯ ಗೂಡು ಇನ್ನೂ ಮಣ್ಣಿನ ಮರೆಯಲ್ಲಿತ್ತು.

"ಅವ್ವನ್ನ ಮ್ಯಾಲ ಕುಂದರಿಸಿ ಬಂದೇವಿ ಅಂತ ನಾವು ತಿಳಕೊಂಡೇವಿ," ಎಂದರು ಮಗ.

ಮಡಕೆಯ ಮಾತನ್ನು ಅವರಿಗೆ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಅವರು ಎತ್ತಿನ ಗಾಡಿಯಲ್ಲಿ ಮೊದಲೇ ಕಲ್ಲುಗಳನ್ನು ತಂದು ಒಟ್ಟಿದ್ದರು. ಕೊರೆದ ದಡಕ್ಕೆ ಬುಡದಿಂದ ಕಲ್ಲು ಜೋಡಿಸುತ್ತ ಬರಬೇಕು, ತೆರೆ ಮತ್ತೆ ಒಳನುಗ್ಗಬಾರದು, ಹೇಗೆ ಜೋಡಿಸಬೇಕು ಹೇಳಿರಿ ಎಂದು ಕೇಳಿದರು. ಹೇಳಿದೆ. ನಾನೂ ಕೈ ಹಚ್ಚಿದೆ. ಮಡಚಿದ ಬೇರುಗಳು ಮೊದಲು ಮರೆಯಾದವು, ಆಮೇಲೆ ನೀರಿನ ಕಲೆ. ಅದರ ಮೇಲಿನ ಭಾಗಕ್ಕೆ ಬಂದಾಗ, ಮಾತಾಡಿಕೊಳ್ಳದಿದ್ದರೂ, ಇಬ್ಬರೂ ಕೈ ನಿಲ್ಲಿಸಿದೆವು. ಅಷ್ಟನ್ನು ತೆರೆದೇ ಬಿಟ್ಟೆವು.